ಗಾಡಿ ನಿಲ್ಲುವಲ್ಲಿ ಮರವೂ ನಿಲ್ಲಲಿ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರೂ ಊರುಗಳಲ್ಲಿ ಪೇಟೆಯ ರಸ್ತೆಯನ್ನು ಸುಧಾರಿಸುವ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ: ರಸ್ತೆಯಂಚಿನಲ್ಲಿ ಮರ ಬೇಕೋ, ವಾಹನ ನಿಲ್ಲಿಸಲು ಜಾಗ ಬೇಕೋ? ಅಂಗಡಿಕಾರರು ಜಾಗದ ಪರವಾಗಿ ನಿಲ್ಲುತ್ತಾರೆ, ಪರಿಸರಾಸಕ್ತರು ಮರದ ಪರವಾಗಿ ನಿಲ್ಲುತ್ತಾರೆ, ಬಹುಪಾಲು ಸಂದರ್ಭಗಳಲ್ಲಿ ಮರವೇ ಸೋಲುತ್ತದೆ. ಆರೋಗ್ಯದ ದೃಷ್ಟಿಯಿಂದ ಪರಿಶೀಲಿಸಿದರೆ ಈ ಪ್ರಶ್ನೆಯನ್ನು ಕೇಳಿದ ಬಗೆಯೇ ಸರಿಯಿಲ್ಲವೆಂದು ನಮಗೆ ತೋರುತ್ತದೆ. ಊರೊಳಗೆ ನೆರಳು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಸ್ಥಳ ಯಾವುದೆಂದರೆ ವಾಹನ ನಿಲ್ಲುವ ಸ್ಥಳವೇ. ಮರವನ್ನು ಬೆಳೆಸಲು ಪೇಟೆಯಲ್ಲಿ ಸುಲಭವಾಗಿ ಒದಗುವ ಸ್ಥಳವೂ ಅದೇ.

ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ಸಂದೇಹವಿರಲಿಲ್ಲ. ಸಂತೆಗೆ ಬಂದ ಚಕ್ಕಡಿಗಳು ಹುಣಸೆ, ಬೇವು, ಆಲದ ಮರಗಳ ಬುಡದಲ್ಲಿ ನೊಗ ಇಳಿಸುತ್ತಿದ್ದವು. ಎತ್ತುಗಳಿಗೆ ಅಲ್ಲಿಯೇ ಮೇವು, ಒಕ್ಕಲಿಗನಿಗೆ ಅಲ್ಲಿಯೇ ಬುತ್ತಿ. ಮರವಿಲ್ಲದ ಕಡೆ ಬಂಡಿ ಬಿಡುವವರು ಯಾರೂ ಇರಲಿಲ್ಲ. ಎತ್ತು ನೆರಳು ಕೇಳುತ್ತಿತ್ತು, ಮೋಟಾರು ಕೇಳಲಿಲ್ಲ. ಆದ್ದರಿಂದ ಮೋಟಾರು ಬಂದ ಮೇಲೆ ನಿಲುಗಡೆಯ ಜಾಗಕ್ಕೆ ನೆರಳು ಬೇಡವೆಂದು ನಾವು ಭಾವಿಸಿದೆವು. ಆದರೆ ಮೋಟಾರಿನೊಳಗೆ ಕುಳಿತವನಿಗೆ, ಅದರಿಂದ ಇಳಿದು ನಡೆಯುವವನಿಗೆ, ಅದರ ಪಕ್ಕದಲ್ಲಿಯೇ ದಿನವಿಡೀ ಹಣ್ಣು, ಸೊಪ್ಪು ಮಾರುವವಳಿಗೆ ಎತ್ತಿಗಿದ್ದಷ್ಟೇ ನೆರಳಿನ ಅಗತ್ಯವಿದೆ.

ಬೇಸಿಗೆಯ ಮಧ್ಯಾಹ್ನ ದೇಹಕ್ಕೆ ಕಾವು ಹಲವು ದಾರಿಗಳಿಂದ ತಾಗುತ್ತದೆ. ಸುತ್ತಲಿನ ಗಾಳಿಯ ಬಿಸಿ ಒಂದು. ಸೂರ್ಯಕಿರಣಗಳ ನೇರ ಹೊಡೆತ ಇನ್ನೊಂದು. ಕಾದ ಡಾಂಬರು, ಕಾಂಕ್ರೀಟು, ವಾಹನಗಳ ತಗಡು ಇವು ಹೊರಸೂಸುವ ಝಳ ಮೂರನೆಯದು. ಹವಾಮಾನ ವರದಿಯಲ್ಲಿ 38 ಡಿಗ್ರಿ ಎಂದು ಓದುವುದು ನೆರಳಿನಲ್ಲಿಟ್ಟ ಮಾಪಕ ತೋರಿಸುವ ಗಾಳಿಯ ಉಷ್ಣಾಂಶ ಮಾತ್ರ. ಅದೇ ಹೊತ್ತಿನಲ್ಲಿ ಬಿಸಿಲಿಗೆ ಬಿದ್ದ ಡಾಂಬರಿನ ಮೈ 60 ಡಿಗ್ರಿಯ ಸಮೀಪಕ್ಕೆ ಹೋಗಿರಬಹುದು. ಮರವು ಈ ಮೂರರಲ್ಲಿ ಕೊನೆಯ ಎರಡನ್ನು ತಕ್ಷಣವೇ ತಡೆಯುತ್ತದೆ. ಎಲೆಗಳಿಂದ ಆವಿಯಾಗುವ ನೀರು ಗಾಳಿಯ ಬಿಸಿಯನ್ನೂ ಸ್ವಲ್ಪ ಇಳಿಸುತ್ತದೆ. ತಗಡಿನ ಚಪ್ಪರ ಕಿರಣಗಳನ್ನು ತಡೆದರೂ ತಾನೇ ಕಾದು ಕೆಳಗೆ ಝಳ ಬೀರುವುದರಿಂದ ಮರದ ನೆರಳಿಗೆ ಸಮವಾಗುವುದಿಲ್ಲ.

ಈ ವ್ಯತ್ಯಾಸವನ್ನು ಬೆಂಗಳೂರಿನ ಬೀದಿಗಳಲ್ಲಿಯೇ ಅಳೆದು ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಮರಗಳಿರುವ ರಸ್ತೆಗಳನ್ನೂ ಮರಗಳಿಲ್ಲದ ರಸ್ತೆಗಳನ್ನೂ ಹೋಲಿಸಿದರು. ಮಧ್ಯಾಹ್ನದ ಗಾಳಿಯ ಉಷ್ಣಾಂಶದಲ್ಲಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ರಸ್ತೆಯ ಮೈಯ ಉಷ್ಣಾಂಶದಲ್ಲಿ 27.5 ಡಿಗ್ರಿಯವರೆಗೆ ಅಂತರ ಕಂಡುಬಂದಿತು. ಬೆಂಗಳೂರಿಗೆ ಆ ಮರಗಳು ತಾವಾಗಿ ಬಂದವಲ್ಲವೆಂಬುದನ್ನೂ ನೆನೆಯಬೇಕು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ಆ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಬೆಂಗಳೂರಿಗಿಂತ ಬೇಸಿಗೆ ಕಠಿಣವಾಗಿರುವ ನಮ್ಮ ಜಿಲ್ಲೆಯಲ್ಲಿ ಅಷ್ಟು ದೊಡ್ಡ ಪ್ರಯತ್ನದ ಅಗತ್ಯ ಇನ್ನೂ ಹೆಚ್ಚು.

ಮರದ ವಿಷಯ ಬಂದೊಡನೆ ಆಮ್ಲಜನಕದ ಮಾತು ಬರುವುದು ರೂಢಿ. ಅರಳಿಯ ಮರ ಹಗಲಿರುಳೂ ಆಮ್ಲಜನಕ ಕೊಡುತ್ತದೆಂಬ ನಂಬಿಕೆ ಪ್ರಚಲಿತವಾಗಿದೆ. ವಾಸ್ತವವಾಗಿ ಅರಳಿಯೂ ರಾತ್ರಿಯಲ್ಲಿ ಉಳಿದ ಮರಗಳಂತೆಯೇ ಉಸಿರಾಡುತ್ತದೆ. ಬಯಲಿನ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕ ಇದ್ದೇ ಇರುವುದರಿಂದ ಬೀದಿಯ ಮರವೊಂದು ಅದಕ್ಕೆ ಸೇರಿಸುವುದು ಲೆಕ್ಕಕ್ಕೆ ಬಾರದು. ಅದೇ ರೀತಿ ಹುಣಸೆಯ ಕೆಳಗೆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂಬ ಭಯಕ್ಕೂ ತೆರೆದ ಬಯಲಿನಲ್ಲಿ ಆಧಾರವಿಲ್ಲ. ಪೇಟೆಯ ಮರದಿಂದ ಆರೋಗ್ಯಕ್ಕೆ ಸಿಗುವ ಮೊದಲ ಲಾಭ ನೆರಳು, ಎರಡನೆಯದು ನೆರಳು, ಉಳಿದವೆಲ್ಲ ಆಮೇಲೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನೇ ತೆಗೆದುಕೊಳ್ಳೋಣ. ಸೋಮವಾರ ಮತ್ತು ಗುರುವಾರದ ವಹಿವಾಟಿಗೆ ದೂರದ ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರದಿಂದಲೂ ಲಾರಿಗಳು ಬರುತ್ತವೆ. ಹಂಗಾಮು ಬಿರುಸಾಗಿ ನಡೆಯುವುದು ಬಿಸಿಲು ಏರುವ ತಿಂಗಳುಗಳಲ್ಲಿಯೇ. ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಸರದಿಗಾಗಿ ಕಾಯುವ ರೈತರು, ಲಾರಿಯ ಚಾಲಕರು ಇವರೆಲ್ಲರ ದಿನ ಕಳೆಯುವುದು ನಿಂತ ವಾಹನಗಳ ಆಸುಪಾಸಿನಲ್ಲಿ. ದುಡಿಯುವ ದೇಹ ತಾನೇ ಕಾವನ್ನು ಉತ್ಪಾದಿಸುತ್ತದೆ. ಆ ಕಾವು ಬೆವರಿನ ಮೂಲಕ ಹೊರಹೋಗಲು ಆಗಾಗ ನೆರಳಿನ ವಿರಾಮ ಬೇಕು. ಅದು ದೊರೆಯದಿದ್ದರೆ ಮೊದಲು ತಲೆನೋವು, ಸ್ನಾಯುಸೆಳೆತ, ವಾಕರಿಕೆ ಕಾಣಿಸಿಕೊಳ್ಳುತ್ತವೆ. ಮುಂದುವರಿದರೆ ಮಾತು ತೊದಲುವುದು, ಪ್ರಜ್ಞೆ ಮಸುಕಾಗುವುದು, ಮೈ ಕೆಂಡದಂತಾಗುವುದು. ಈ ಹಂತವೇ ಬಿಸಿಲಿನ ಆಘಾತ, ಇದು ಪ್ರಾಣಾಂತಿಕ. ಅಂಥವರನ್ನು ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಆದರೆ "ನೆರಳಿಗೆ ಒಯ್ಯಿರಿ" ಎಂಬ ಮೊದಲ ಸೂಚನೆಯನ್ನು ಪಾಲಿಸಲು ಹತ್ತಿರದಲ್ಲಿ ನೆರಳಿರಬೇಕಲ್ಲವೇ?

ಇನ್ನು ನಿಂತ ಕಾರಿನ ವಿಷಯ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣಾಂಶ ಒಂದು ಗಂಟೆಯಲ್ಲಿ ಹೊರಗಿನದಕ್ಕಿಂತ ಸುಮಾರು 22 ಡಿಗ್ರಿ ಮೇಲೇರುವುದೆಂದೂ, ಆ ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಆಗುವುದೆಂದೂ 2005ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ಬಹಳ ಬೇಗ ಕಾಯುತ್ತದೆ. ಆದುದರಿಂದ "ಐದೇ ನಿಮಿಷ" ಎಂದು ಮಗುವನ್ನಾಗಲಿ ವೃದ್ಧರನ್ನಾಗಲಿ ಮುಚ್ಚಿದ ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗಬಾರದು. ಮರದ ನೆರಳಿನಲ್ಲಿದ್ದರೂ ಹೋಗಬಾರದು, ಏಕೆಂದರೆ ಸೂರ್ಯ ಸರಿದಂತೆ ನೆರಳೂ ಸರಿಯುತ್ತದೆ.

ಕ್ಯಾಲಿಫೋರ್ನಿಯಾದ ಡೇವಿಸ್ ನಗರದಲ್ಲಿ 1990ರ ದಶಕದ ಕೊನೆಯಲ್ಲಿ ಸಂಶೋಧಕರು ನೆರಳಿನ ಕಾರನ್ನೂ ಬಿಸಿಲಿನ ಕಾರನ್ನೂ ಅಕ್ಕಪಕ್ಕ ಇಟ್ಟು ಅಳೆದರು. ನೆರಳಿನ ಕಾರಿನ ಒಳಭಾಗ ಸುಮಾರು 26 ಡಿಗ್ರಿಯಷ್ಟು ತಂಪಾಗಿತ್ತು, ಪೆಟ್ರೋಲ್ ಟ್ಯಾಂಕು ಕೂಡ ಕೆಲವು ಡಿಗ್ರಿ ತಂಪಾಗಿತ್ತು. ಈ ಎರಡನೆಯ ಅಂಶವನ್ನು ನಾವು ಲಘುವಾಗಿ ಕಾಣಬಾರದು. ನಿಂತ ವಾಹನವೂ ಗಾಳಿಯನ್ನು ಕೆಡಿಸುತ್ತದೆ. ಟ್ಯಾಂಕು ಕಾದಷ್ಟೂ ಪೆಟ್ರೋಲ್ ಆವಿಯಾಗಿ ಹೊರಬರುತ್ತದೆ. ಆ ಆವಿಯಲ್ಲಿ ಬೆಂಜೀನ್‌ನಂಥ ಹಾನಿಕರ ದ್ರವ್ಯಗಳಿರುತ್ತವೆ, ಬಿಸಿಲಿನಲ್ಲಿ ಅದು ಇತರ ಹೊಗೆಯೊಂದಿಗೆ ಬೆರೆತು ನೆಲಮಟ್ಟದ ಓಝೋನ್ ಆಗಿ ದಮ್ಮಿನ ರೋಗಿಗಳನ್ನು ಪೀಡಿಸುತ್ತದೆ. ನಮ್ಮ ಊರುಗಳಲ್ಲಿ ಕಾರಿಗಿಂತ ಮೋಟಾರ್‌ಸೈಕಲ್ಲುಗಳೇ ಅಧಿಕ, ಅವುಗಳ ಟ್ಯಾಂಕಿಗೆ ಬಿಸಿಲು ನೇರವಾಗಿಯೇ ಬೀಳುತ್ತದೆ.

ಡೇವಿಸ್‌ನ ನೆರೆಯ ಸ್ಯಾಕ್ರಮೆಂಟೊ ನಗರವು 1983ರಲ್ಲಿಯೇ ಒಂದು ಕಟ್ಟಳೆ ಮಾಡಿತು: ಹೊಸ ವಾಹನ ನಿಲುಗಡೆ ಬಯಲುಗಳ ಅರ್ಧದಷ್ಟು ನೆಲಕ್ಕೆ 15 ವರ್ಷಗಳೊಳಗೆ ಮರದ ನೆರಳು ಬರಬೇಕು. ನಿಯಮ ಉತ್ತಮವಾದುದೇ. ಆದರೆ ವರ್ಷಗಳ ಬಳಿಕ ಪರೀಕ್ಷಿಸಿದಾಗ ಬಹುತೇಕ ಬಯಲುಗಳು ಗುರಿಯ ಹತ್ತಿರಕ್ಕೂ ಬಂದಿರಲಿಲ್ಲ. ಬೇರಿಗೆ ಬಿಟ್ಟ ಮಣ್ಣು ಸಾಲದೆ ಮರಗಳು ಕುಗ್ಗಿದ್ದವು, ಅಂಗಡಿಯ ಫಲಕ ಕಾಣಬೇಕೆಂದು ಕೊಂಬೆಗಳನ್ನು ಕತ್ತರಿಸಲಾಗಿತ್ತು. ಹಾವೇರಿಯ ಓದುಗರಿಗೆ ಈ ಕಥೆ ಅಪರಿಚಿತವೆನಿಸಲಾರದು.

ನಮ್ಮಲ್ಲಿ ಪೇಟೆಯ ಮರಗಳನ್ನು ಕೊಡಲಿಗಿಂತ ಹೆಚ್ಚಾಗಿ ಸಿಮೆಂಟು ಕೊಲ್ಲುತ್ತಿದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಕಾಂಡಕ್ಕೆ ತಾಗುವಂತೆ ಕಾಂಕ್ರೀಟು ಸುರಿದಾಗ, ನೆಲಹಾಸಿನ ಬಿಲ್ಲೆಗಳನ್ನು ಜೋಡಿಸಿದಾಗ ಮರ ಒಂದೇ ದಿನ ಸಾಯುವುದಿಲ್ಲ. ನಾಲ್ಕಾರು ವರ್ಷ ತುದಿಯಿಂದ ಒಣಗುತ್ತ ಬಂದು ಒಂದು ಅಡ್ಡಮಳೆಯ ಗಾಳಿಗೆ ಉರುಳುತ್ತದೆ. ಆಗ "ಮರ ಅಪಾಯಕಾರಿ" ಎಂದು ಉಳಿದ ಮರಗಳಿಗೂ ಕೊಡಲಿ ಬೀಳುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ಪ್ರಕರಣದಲ್ಲಿ ಪ್ರತಿ ಮರದ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿತು. ಒಂದು ಮೀಟರ್ ಎಂಬುದು ಮರ ಸಾಯದಿರಲು ಬೇಕಾದ ಕನಿಷ್ಠ. ಚೆನ್ನಾಗಿ ಬೆಳೆಯಲು ಅದು ಸಾಲದು. ರಾಣೇಬೆನ್ನೂರು ಭಾಗದ ಎರೆಮಣ್ಣಿನಲ್ಲಿ ಇನ್ನೊಂದು ತೊಡಕಿದೆ. ಎರೆನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಇಂಥ ನೆಲದ ಮೇಲಿನ ಹಾಸು ಮರವಿಲ್ಲದೆಯೂ ಏಳುತ್ತದೆ, ಆದರೆ ಅಪವಾದ ಮಾತ್ರ ಬೇರಿಗೆ ಬರುತ್ತದೆ.

ಹಾಗಾದರೆ ಮರವನ್ನೂ ವಾಹನವನ್ನೂ ಒಂದೇ ಸಾಲಿನಲ್ಲಿ ಹೊಂದಿಸುವುದು ಹೇಗೆ? ಲೆಕ್ಕ ಹಾಕಿ ನೋಡೋಣ. ರಸ್ತೆಯಂಚಿನ 30 ಮೀಟರ್ ಉದ್ದದಲ್ಲಿ, ಬೈಕಿಗೆ ಒಂದು ಮೀಟರಿನಂತೆ, 30 ಬೈಕುಗಳು ಸಾಲಾಗಿ ನಿಲ್ಲುತ್ತವೆ. ಆ ಸಾಲಿನಲ್ಲಿ ಒಂದೂವರೆ ಮೀಟರ್ ಅಗಲದ ನಾಲ್ಕು ಮಣ್ಣಿನ ಪಾತಿಗಳನ್ನು ಸಮಾನ ಅಂತರದಲ್ಲಿ ಬಿಟ್ಟರೆ ಹೋಗುವುದು ಆರು ಬೈಕಿನ ಜಾಗ, ಉಳಿಯುವುದು 24. ಆರೂವರೆ ಮೀಟರ್ ಹರವಿನ ನಾಲ್ಕು ಮರಗಳು ಬೆಳೆದರೆ 30 ಮೀಟರಿನಲ್ಲಿ 26 ಮೀಟರಿಗೆ ನೆರಳು ಹರಡುತ್ತದೆ. ಆರು ಬೈಕಿನ ಜಾಗ ಹೋಯಿತೆಂದು ಅಂಗಡಿಯವರು ಬೇಸರಿಸುವುದು ಸಹಜ. ಆದರೆ ಈಗ ಗೆರೆಯೇ ಇಲ್ಲದ ಕಡೆ ಬೈಕುಗಳು ಓರೆಕೋರೆಯಾಗಿ ನಿಂತು ನುಂಗುವ ಜಾಗವನ್ನು ಒಮ್ಮೆ ಅವರೇ ಎಣಿಸಿ ನೋಡಲಿ. ಬಿಳಿಯ ಗೆರೆ ಎಳೆದರೆ ಆ ನಷ್ಟದ ಒಂದು ಭಾಗ ಮರಳಿ ಬರುತ್ತದೆ. ನೆರಳಿರುವ ಅಂಗಡಿಯ ಮುಂದೆ ಗಿರಾಕಿ ನಿಲ್ಲುವ ಹೊತ್ತೂ ಹೆಚ್ಚು.

ಕಾರುಗಳಿಗೆ ಲೆಕ್ಕ ಬೇರೆ. ಒಂದು ಕಾರಿಗೆ ಸಾಧಾರಣವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ರಸ್ತೆಗೆ ಅಡ್ಡಲಾಗಿ ನಿಲ್ಲಿಸುವ ಕಡೆ, ಎರಡು ಕಾರುಗಳ ಮುಂಭಾಗದ ಮೂಲೆಗಳು ಸೇರುವಲ್ಲಿ ಗಾಳಿಪಟದ ಆಕಾರದ ಪಾತಿ ಮಾಡಿದರೆ ಒಂದು ಕಾರಿನ ಜಾಗವೂ ಕಡಿಮೆಯಾಗುವುದಿಲ್ಲ. ಪಾತಿ ಮೇಲ್ನೋಟಕ್ಕೆ ಚಿಕ್ಕದಾದರೂ ನೆಲದಡಿಯಲ್ಲಿ ಬೇರು ಹರಡಲು ದಾರಿ ಇರಬೇಕು. ಇದಕ್ಕೆ 1990ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಒಂದು ಉಪಾಯವನ್ನು ರೂಪಿಸಿತು: ನಾಲ್ಕು ಪಾಲು ಜಲ್ಲಿಕಲ್ಲಿಗೆ ಒಂದು ಪಾಲು ಮಣ್ಣು ಬೆರೆಸಿ ನಿಲುಗಡೆಯ ನೆಲದಡಿ ತುಂಬುವುದು. ವಾಹನದ ಭಾರವನ್ನು ಕಲ್ಲು ಹೊರುತ್ತದೆ, ಕಲ್ಲಿನ ಸಂದಿಯ ಮಣ್ಣಿನಲ್ಲಿ ಬೇರು ಇಳಿಯುತ್ತದೆ. ಜಲ್ಲಿಗೆ ಕೊರತೆಯಿಲ್ಲದ ನಮ್ಮ ಜಿಲ್ಲೆಗೆ ಇದು ಒಗ್ಗುವ ವಿಧಾನ.

ಪಾತಿಯ ಸುತ್ತ ಗೇಣುದ್ದದ ಕಟ್ಟೆ ಇರಲಿ, ಅದರಲ್ಲಿ ಮಳೆನೀರು ಒಳಬರಲು ಕಂಡಿ ಬಿಟ್ಟಿರಲಿ. ಬೈಕಿನ ಸ್ಟ್ಯಾಂಡು ಬುಡವನ್ನು ಕೆದಕದಂತೆ, ಕಾರಿನ ಬಂಪರ್ ಕಾಂಡಕ್ಕೆ ಬಡಿಯದಂತೆ ಎರಡಡಿ ಮುಂಚೆಯೇ ಚಕ್ರ ತಡೆಯುವ ಕಲ್ಲು ಇರಬೇಕು. ಪಾತಿಯಲ್ಲಿ ನೀರು ನಿಂತು ಸೊಳ್ಳೆಯಾಗುತ್ತದೆಂದು ಕೆಲವರು ಅಂಜುತ್ತಾರೆ. ಸೊಳ್ಳೆಯ ಮರಿ ಬೆಳೆಯಲು ನೀರು ಸುಮಾರು ಒಂದು ವಾರ ಕದಲದೆ ನಿಲ್ಲಬೇಕು, ಒಳ್ಳೆಯ ಪಾತಿಯ ನೀರು ಒಂದು ದಿನದೊಳಗೆ ಇಂಗುತ್ತದೆ. ಪಾತಿಗೆ ಎಸೆದ ಪ್ಲಾಸ್ಟಿಕ್ ಲೋಟ, ತೆಂಗಿನ ಚಿಪ್ಪು ಇವುಗಳೇ ಡೆಂಗಿಯ ತೊಟ್ಟಿಲು. ಗುಟ್ಕಾ ಉಗಿಯುವವರ ವಿಷಯ ಇಲ್ಲಿ ಎತ್ತುವುದಿಲ್ಲ, ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಯಾವ ಮರ? ನಮ್ಮ ಮೊದಲ ಆಯ್ಕೆ ಹೊಂಗೆ. ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿ, ಬಿಸಿಲು ಪೂರ್ತಿ ಏರುವ ಮೊದಲೇ ಹೊಸ ಚಿಗುರು ಹೊದ್ದು ನಿಲ್ಲುವ ಮರ ಅದು. ಅದರ ನೆರಳಿನ ತಂಪನ್ನು ತಾಯಿಯ ಮಡಿಲಿಗೆ ಹೋಲಿಸುವ ಗಾದೆ ಸುಮ್ಮನೆ ಹುಟ್ಟಿಲ್ಲ. ಹೂ ಉದುರಿ ಕಾರಿನ ಮೇಲೆ ಹಾಸಿಗೆಯಾಗುವುದುಂಟು, ಪಕ್ಷಿಗಳ ಹಿಕ್ಕೆಯೂ ಬೀಳುವುದುಂಟು. ಒಂದು ಬಟ್ಟೆ, ಒಂದು ತಂಬಿಗೆ ನೀರಿನಿಂದ ಪರಿಹಾರವಾಗುವ ತೊಂದರೆಗಾಗಿ ನಾಲ್ಕು ದಶಕದ ನೆರಳನ್ನು ಬಿಟ್ಟುಕೊಡುವುದು ನಮಗೆ ಸಮ್ಮತವಿಲ್ಲ. ಹೊಂಗೆಯ ಜೊತೆಗೆ ಬೇವು, ಬಕುಳ, ಹೊಳೆದಾಸವಾಳ, ಮಹಾಗನಿ ಸೂಕ್ತ. ಹೆಸ್ಕಾಂ ತಂತಿ ಹಾದುಹೋಗುವ ಬದಿಯಲ್ಲಿ ಬಸವನಪಾದ, ಪಾರಿಜಾತದಂಥ ಗಿಡ್ಡ ಜಾತಿಗಳೇ ಇರಲಿ, ಇಲ್ಲವಾದರೆ ವರ್ಷಕ್ಕೊಮ್ಮೆ ತಲೆ ಬೋಳಿಸಿಕೊಳ್ಳುವುದು ಮರದ ಹಣೆಬರಹವಾಗುತ್ತದೆ. ಕಕ್ಕೆ ಕಣ್ಣಿಗೆ ಹಬ್ಬ. ಆದರೆ ಏಪ್ರಿಲ್‌ನಲ್ಲಿ ಅದು ಹೂ ಹೊತ್ತು ಎಲೆಯಿಲ್ಲದೆ ನಿಂತಿರುತ್ತದೆ. ಗುಲ್‌ಮೊಹರಿನ ಕೊಂಬೆ ಗಾಳಿಗೆ ಬೇಗ ಮುರಿಯುವುದರಿಂದ ವಾಹನಗಳ ಮೇಲ್ಗಡೆ ಬೇಡ. ಆಲ, ಅರಳಿ, ಮಳೆಮರಗಳು ಉದ್ಯಾನಕ್ಕೆ, ಸಂತೆಯ ಬಯಲಿಗೆ, ಮಠಗಳ ವಿಶಾಲ ಆವರಣಕ್ಕೆ ಒಪ್ಪುತ್ತವೆ, ಅಂಗಡಿಸಾಲಿಗೆ ಒಪ್ಪುವುದಿಲ್ಲ. ಬೇಗ ಹಸಿರಾಗುತ್ತದೆಂದು ಎಲ್ಲೆಡೆ ನೆಡುತ್ತಿರುವ ಕೋನೊಕಾರ್ಪಸ್ ಗಿಡವನ್ನು ಪರಾಗದ ಅಲರ್ಜಿ ಮೊದಲಾದ ಕಾರಣಗಳಿಗಾಗಿ ಗುಜರಾತ್ ಸರಕಾರ 2023ರಲ್ಲಿ ನಿಷೇಧಿಸಿತು. ದಮ್ಮು, ಅಲರ್ಜಿ ಇರುವವರ ಹಿತಕ್ಕಾಗಿ ನಾವೂ ಅದನ್ನು ದೂರವಿಡುವುದು ಲೇಸು.

ಒಂದೇ ಜಾತಿಯನ್ನು ಇಡೀ ಊರಿಗೆ ನೆಡುವುದೂ ಸಲ್ಲದು. ಇತ್ತೀಚಿನ ವರ್ಷಗಳಲ್ಲಿ ಬೇವಿನ ರೆಂಬೆಗಳು ತುದಿಯಿಂದ ಕಂದಾಗಿ ಒಣಗುವ ರೋಗವನ್ನು ಎಲ್ಲರೂ ಕಂಡಿದ್ದೇವೆ. ಊರ ತುಂಬ ಬೇವೇ ಇದ್ದರೆ ಊರ ತುಂಬ ನೆರಳು ಹೋದಂತೆ. ನೆಡುವ ಉತ್ಸಾಹದಲ್ಲಿ ಸ್ಥಳವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ರಾಣೇಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯವೇ ನಿದರ್ಶನ. ಹುಲ್ಲುಗಾವಲನ್ನು ನೆಚ್ಚಿ ಬದುಕುವ ಚಿಗರೆಗಳ ನೆಲದಲ್ಲಿ ನೀಲಗಿರಿಯ ತೋಪುಗಳನ್ನು ಬೆಳೆಸಲಾಯಿತು, 1974ರಲ್ಲಿ ಅದು ಅಭಯಾರಣ್ಯವೆಂದು ಘೋಷಿತವಾದ ಮೇಲೂ ನೀಲಗಿರಿ ಅಲ್ಲಿ ಉಳಿಯಿತು. ಮರ ಒಳ್ಳೆಯದೆಂಬ ಮಾತು ಸ್ಥಳವನ್ನು ಬಿಟ್ಟು ನಿಲ್ಲುವುದಿಲ್ಲ.

ಇಕ್ಕಟ್ಟಾದ ಬೀದಿಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಬ್ಯಾಡಗಿಯ ಮುಖ್ಯರಸ್ತೆಯ ಅಗಲೀಕರಣ ಬಹುಕಾಲದಿಂದ ಚರ್ಚೆಯಲ್ಲಿರುವ ಸಂಗತಿ. ಎರಡೂ ಬದಿ ಎತ್ತರದ ಕಟ್ಟಡಗಳಿರುವ ಕಿರಿದಾದ ರಸ್ತೆಯ ಮೇಲೆ ಕೊಂಬೆಗಳು ಚಾವಣಿಯಂತೆ ಕೂಡಿಕೊಂಡರೆ ವಾಹನಗಳ ಹೊಗೆ, ದೂಳು ಮೇಲೇರಲಾಗದೆ ಕೆಳಗೇ ಸುಳಿಯುತ್ತವೆ. ಅಂಥಲ್ಲಿ ಒಂದೇ ಬದಿಯಲ್ಲಿ, ಬಿಸಿಲು ಹೆಚ್ಚು ಬೀಳುವ ಕಡೆ, ತೆಳುವಾದ ಎಲೆಹರವಿನ ಮರಗಳನ್ನು ಅಂತರ ಬಿಟ್ಟು ನೆಡಬೇಕು. ಮುಂದೆ ರಸ್ತೆ ಅಗಲವಾಗುವುದಾದರೆ ಮರದ ಪಾತಿ ನಕಾಶೆಯಲ್ಲಿಯೇ ಇರಬೇಕು. ಚರಂಡಿ, ಕೇಬಲ್ಲು, ನೀರಿನ ಕೊಳವೆ ಎಲ್ಲ ಮುಗಿದ ಮೇಲೆ ಮರಕ್ಕೆಂದು ಹುಡುಕಿದರೆ ಜಾಗ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಹೆಸರಿನಲ್ಲಿ ಮರುನಿರ್ಮಿಸಿದ ರಸ್ತೆಗಳಲ್ಲಿ ಕೊಳವೆ, ಕಾಲುದಾರಿ, ನಿಲುಗಡೆಯ ಅಂಕಣ ಎಲ್ಲವನ್ನೂ ಒಟ್ಟಿಗೆ ಯೋಜಿಸಿದ್ದರಿಂದಲೇ ಹಳೆಯ ಮರಗಳನ್ನು ನಡುವೆ ಉಳಿಸಿಕೊಳ್ಳುವುದು ಸಾಧ್ಯವಾಯಿತು.

ಆಸ್ಪತ್ರೆಗಳ ನಿಲುಗಡೆ ಬಯಲಿಗೆ ನಾವು ಮೊದಲ ಸ್ಥಾನ ಕೊಡುತ್ತೇವೆ. ರೋಗಿಯ ಜೊತೆ ಬಂದವರು ಕಾಯುವುದೂ ಉಣ್ಣುವುದೂ ಅಲ್ಲಿಯೇ. ಅಮೆರಿಕದ ರೋಜರ್ ಅಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳಲ್ಲಿ ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯನ್ನು ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು, ಬಲವಾದ ನೋವುನಿವಾರಕಗಳನ್ನೂ ಕಡಿಮೆ ಬಳಸಿದರು. ಅಧ್ಯಯನ ಚಿಕ್ಕದು, ಅದರಿಂದ ದೊಡ್ಡ ಮಾತು ಆಡಲಾಗದು. ಆದರೂ ವಾರ್ಡಿನ ಕಿಟಕಿಯ ಕೆಳಗೆ ತಗಡಿನ ಸಾಲು ಹೊಳೆಯುವುದಕ್ಕಿಂತ ಹೊಂಗೆಯ ಸಾಲು ತೂಗುವುದು ಮೇಲೆಂಬುದಕ್ಕೆ ಹೆಚ್ಚಿನ ಪುರಾವೆ ಬೇಕಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದವರಿಗೆ ದಿನಾಲು ನಡೆಯಿರೆಂದು ವೈದ್ಯರು ಹೇಳುತ್ತಾರೆ. ನಡೆಯುವ ದಾರಿ ಬಾಣಲೆಯಂತಿದ್ದರೆ ನಡೆಯುವವರಾರು?

ಮರ ಬಿದ್ದೀತೆಂಬ ಭಯ ನಿರಾಧಾರವೇನಲ್ಲ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಪುರಾತನ ದೈತ್ಯವೃಕ್ಷಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಅದನ್ನು ಎತ್ತಿ ಮತ್ತೆ ನೆಡುವ ಪ್ರಯತ್ನ ನಡೆದುದು ನಮ್ಮ ಜಿಲ್ಲೆಗೆ ಗೌರವದ ಸಂಗತಿ. ಪೇಟೆಯ ಮರಗಳನ್ನು ಪ್ರತಿವರ್ಷ ಯುಗಾದಿಯ ಆಸುಪಾಸಿನಲ್ಲಿ, ಅಡ್ಡಮಳೆಗೆ ಮುನ್ನ, ತಿಳಿದವರಿಂದ ನೋಡಿಸಿ ಒಣಕೊಂಬೆಗಳನ್ನು ತೆಗೆಸಬೇಕು. ಕಾಂಡಕ್ಕೆ ಜಾಹೀರಾತಿನ ಮೊಳೆ ಹೊಡೆಯುವುದನ್ನು ನಿಲ್ಲಿಸಬೇಕು. ಆ ಗಾಯದಿಂದಲೇ ಕೊಳೆ ಒಳಸೇರುತ್ತದೆ. ಮರವನ್ನು ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಅದು ತಮ್ಮ ಅಂಗಡಿಯ ಮುಂದಿದೆ ಎಂಬ ಕಾರಣಕ್ಕೆ ಅಂಗಡಿಯವರ ಸ್ವತ್ತಾಗುವುದಿಲ್ಲ.

ನೆಡುವವರು ಹಾವೇರಿ, ರಾಣೇಬೆನ್ನೂರಿನಲ್ಲಿ ನಗರಸಭೆಯನ್ನು, ಬ್ಯಾಡಗಿಯಲ್ಲಿ ಪುರಸಭೆಯನ್ನು ಮೊದಲೇ ಕಂಡು, ಕೊಳವೆ ಮತ್ತು ಕೇಬಲ್ಲುಗಳ ಸ್ಥಾನ ತಿಳಿದುಕೊಂಡು ಗುಂಡಿ ತೋಡಬೇಕು. ಗುಂಡಿ ಮೂರಡಿ ಉದ್ದಗಲ, ಮೂರಡಿ ಆಳ ಇರಲಿ. ಬೇಸಿಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಟ್ಟು, ಮೃಗಶಿರಾ ಮಳೆಗೆ ನೆಲ ನೆಂದ ಮೇಲೆ ಸಸಿ ಇಳಿಸಬೇಕು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಕೇಳಿ ಆಳೆತ್ತರದ ಸಸಿಯನ್ನೇ ತರುವುದು ಉತ್ತಮ. ಮೊಣಕಾಲೆತ್ತರದ ಸಸಿ ಆಡಿನ ಪಾಲಾಗುತ್ತದೆ. ಫೋಟೋ ತೆಗೆಸಿಕೊಳ್ಳುವ ದಿನ ನೂರು ಕೈಗಳಿರುತ್ತವೆ, ಫೆಬ್ರುವರಿಯಲ್ಲಿ ಒಂದು ಕೊಡವೂ ಇರುವುದಿಲ್ಲ. ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲು ಮತ್ತು ಕುದೂರಿನ ನಡುವೆ ಆಲದ ಸಸಿ ನೆಟ್ಟರೆಂದು ಎಲ್ಲರೂ ಹೇಳುತ್ತೇವೆ. ಅವರೂ ಅವರ ಪತಿಯೂ ಮೈಲುಗಟ್ಟಲೆ ನೀರು ಹೊತ್ತರು, ಮುಳ್ಳು ಕಡಿದು ತಂದು ಬೇಲಿ ಕಟ್ಟಿದರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಪ್ರತಿ ಪಾತಿಗೂ ಎದುರಿನ ಒಂದು ಅಂಗಡಿಯವರು ಹೊಣೆ ಹೊತ್ತು, ಮಳೆಗಾಲ ಕಳೆದ ಮೇಲೆ ವಾರಕ್ಕೆ ಎರಡು ಬಾರಿ ಒಂದೆರಡು ಕೊಡ ನೀರು ಹನಿಸಿದರೆ ಸಾಕು. ಮೂರು ಬೇಸಿಗೆ ದಾಟಿದ ಹೊಂಗೆಗೆ ಸಾಮಾನ್ಯವಾಗಿ ನೀರು ಹೊರುವ ಅಗತ್ಯ ಬೀಳುವುದಿಲ್ಲ. ಆ ವೇಳೆಗೆ ಕಬ್ಬಿಣದ ರಕ್ಷಾಕವಚವನ್ನು ಬಿಚ್ಚಿ ಮುಂದಿನ ಸಸಿಗೆ ಕೊಡಬೇಕು. ಹಾಗೆಯೇ ಬಿಟ್ಟರೆ ಬೆಳೆಯುವ ಕಾಂಡಕ್ಕೆ ಕಬ್ಬಿಣ ಕೊರೆದು ಸೇರಿಕೊಳ್ಳುತ್ತದೆ.